ಒಂದೇ ಕಾಲಂ ಅಲ್ವಾ ಸರ್?

"ಒಂದೇ ಕಾಲಂ ಅಲ್ವಾ ಸರ್, ಈಗಲೇ ಹಾಕಿಬಿಡ್ತೀವಿ." ಓಡುತ್ತಿರುವ ಡೇಟಾಬೇಸಿನ ಟೇಬಲ್ಲಿಗೆ ಹೊಸ ಕಾಲಂ ಸೇರಿಸುವಾಗಲೆಲ್ಲ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವ ಹುಡುಗರೇನೂ ದಡ್ಡರಲ್ಲ. ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿರುತ್ತಾರೆ, ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ 11ನೇ ಆವೃತ್ತಿ ಬಂದ ಮೇಲೆ, ಸ್ಥಿರವಾದ ಡೀಫಾಲ್ಟ್ (ತಾನಾಗಿ ತುಂಬಿಕೊಳ್ಳುವ ಬೆಲೆ) ಕೊಟ್ಟು ಕಾಲಂ ಸೇರಿಸಿದರೆ ಇಡೀ ಟೇಬಲನ್ನು ಮತ್ತೆ ಬರೆಯುವ ಗೋಜಿಲ್ಲ ಅಂತಲೂ ಓದಿಕೊಂಡಿರುತ್ತಾರೆ. ಅದೂ ನಿಜವೇ.

ಆದರೆ ಕೆಲಸಕ್ಕೆ ಹಿಡಿಯುವ ಹೊತ್ತು ಬೇರೆ, ಕೆಲಸ ಶುರುವಾಗಲಿಕ್ಕೆ ಕಾಯುವ ಹೊತ್ತು ಬೇರೆ. ಟೇಬಲ್ಲಿನ ರಚನೆ ಬದಲಿಸುವ 'ಆಲ್ಟರ್ ಟೇಬಲ್' ಆದೇಶ ಕಾಲಂ ಸೇರಿಸುವಾಗ ಆ ಟೇಬಲ್ ಕ್ಷಣಮಾತ್ರವಾದರೂ ಪೂರ್ತಿ ಅದರ ಕೈಲಿರಬೇಕು; ಈ ಹಿಡಿತಕ್ಕೇ ಲಾಕ್ ಅನ್ನುವುದು. ಸುಮ್ಮನೆ ಓದುತ್ತಿರುವವರೂ ಆಗ ಅಲ್ಲಿರುವಂತಿಲ್ಲ. ಯಾರಾದರೂ ಇದ್ದರೆ ಅದು ಕಾಯುತ್ತದೆ. ಕಾಯಲಿ ಬಿಡಿ ಅನ್ನುತ್ತೀರಾ? ಎಡವಟ್ಟಾಗುವುದೇ ಇಲ್ಲಿ: ಅದು ಕಾಯುತ್ತಿರುವಷ್ಟು ಹೊತ್ತೂ ಅದರ ಹಿಂದೆ ಬಂದ ಓದುವ ಪ್ರತಿ ಸೆಲೆಕ್ಟ್, ಸಾಲು ಸೇರಿಸುವ ಪ್ರತಿ ಇನ್ಸರ್ಟ್ ಸಾಲಿನಲ್ಲಿ ನಿಲ್ಲಬೇಕು. ಮುಂದಿರುವ ಓದುಗನಿಗೂ ಹಿಂದೆ ಬಂದ ಓದುಗನಿಗೂ ಜಗಳವೇ ಇಲ್ಲ, ನಡುವೆ ನಿಮ್ಮ ಆಲ್ಟರ್ ನಿಂತಿದೆ ಅಷ್ಟೇ.

ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ಲೆಕ್ಕಪತ್ರದವರೊಬ್ಬರು ಆಟೋಕಮಿಟ್ ಇಲ್ಲದ, ಅಂದರೆ ನಾವೇ ಮುಗಿಸುವವರೆಗೂ ಟ್ರಾನ್ಸಾಕ್ಷನ್ (ಶುರುವಾದ ವಹಿವಾಟು) ತೆರೆದೇ ಇದ್ದು ಟೇಬಲ್ ಬಿಡದ ಕಿಟಕಿಯಲ್ಲಿ ಬಿಲ್ಲುಗಳ ಟೇಬಲ್ ಮೇಲೆ ಸೆಲೆಕ್ಟ್ ಓಡಿಸಿ, ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದರು. ಆ ಹೊತ್ತಿಗೇ ನಮ್ಮ ಹುಡುಗ ಕಾಲಂ ಸೇರಿಸಲು ಹೊರಟ. ಕೌಂಟರಿನಲ್ಲಿ ಬಿಲ್ ನಿಂತಿತು. ನನಗೆ ಫೋನ್: "ಸಿಪಿಯು ಆರಾಮಾಗಿದೆ ಸರ್, ಏನೂ ಓಡ್ತಿಲ್ಲ." ಅಷ್ಟರಲ್ಲಿ ಇನ್ನೊಬ್ಬ ಮಹಾಶಯ ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದ. ಹೊಸ ಕನೆಕ್ಷನ್‌ಗಳೂ ಅದೇ ಸಾಲಿಗೆ ಸೇರಿ, ಡೀಫಾಲ್ಟ್ ಮಿತಿಯಾದ 100 ತುಂಬಿತು. ಊಟಕ್ಕೆ ಹೋದವರ ಸೆಷನ್ (ಡೇಟಾಬೇಸಿನ ಜೊತೆಗಿನ ಸಂಪರ್ಕ) ಕೊಂದ ಮರುಕ್ಷಣ ಎಲ್ಲವೂ ಹರಿಯಿತು. ಅವರು ಬಂದು, "ನಾನು ಬರೀ ನೋಡ್ತಿದ್ದೆ ಅಷ್ಟೇ" ಅಂದರು. ಪಾಪ, ನಿಜವೇ.

ಹಾಗಾಗಿ ಮೊದಲು ಹಳೆಯ ಟ್ರಾನ್ಸಾಕ್ಷನ್ ಯಾವುದಾದರೂ ತೆರೆದೇ ಇದೆಯಾ ನೋಡಿ. ಆಮೇಲೆ ಆಲ್ಟರ್ ಓಡಿಸುವ ಸೆಷನ್‌ನಲ್ಲೇ ಲಾಕ್ ಟೈಮ್‌ಔಟ್ (ಲಾಕಿಗೆ ಕಾಯುವ ಮಿತಿ) ಒಂದೆರಡು ಸೆಕೆಂಡಿಗೆ ಇಡಿ. ಲಾಕ್ ಸಿಗದಿದ್ದರೆ ಆಲ್ಟರ್ ತಾನೇ ಸೋತು ಹಿಂದೆ ಸರಿಯುತ್ತದೆ, ಸ್ವಲ್ಪ ತಡೆದು ಮತ್ತೆ ಯತ್ನಿಸಿ. ಸುಮ್ಮನೆ ಬಿಟ್ಟರೆ ಪೋಸ್ಟ್‌ಗ್ರೆಸ್ ಮಿತಿಯಿಲ್ಲದೆ ಕಾಯುತ್ತದೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯುಎಲ್‌ನಲ್ಲೂ ಇದೇ ರಾಮಾಯಣ. ಅಲ್ಲಿ ಮೆಟಾಡೇಟಾ ಲಾಕಿಗೆ (ಟೇಬಲ್ಲಿನ ರಚನೆಯನ್ನು ಕಾಯುವ ಲಾಕ್) ಕಾಯುವ ಡೀಫಾಲ್ಟ್ ಅವಧಿ 31536000 ಸೆಕೆಂಡು, ಅಂದರೆ ಒಂದು ವರ್ಷ! ನಿಖರವಾಗಿ ಎಷ್ಟು ಸೆಕೆಂಡು ಇಡಬೇಕೆಂಬುದು ನಿಮ್ಮ ಆವೃತ್ತಿ, ನಿಮ್ಮ ವಹಿವಾಟು ನೋಡಿ ತೀರ್ಮಾನಿಸುವ ಮಾತು, ಇಲ್ಲಿಂದಲೇ ಹೇಳಲಾರೆ.

ಇದೆಲ್ಲ ಕಾಲಂ ಸೇರಿಸುವ ಮಾತಾಯಿತು. ಐಡಿ ಸಂಖ್ಯೆ, ಇಂಟ್ ಕಾಲಂ ಹಿಡಿಸುವ ಗರಿಷ್ಠವಾದ 2147483647ರ ಹತ್ತಿರ ಬಂತೆಂದು ಆ ಇಂಟ್ ಅನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಬಿಗ್‌ಇಂಟ್ ಮಾಡಲು ಹೊರಟಿದ್ದರೆ ಕಥೆಯೇ ಬೇರೆ. ಅಲ್ಲಿ ಟೇಬಲ್ ಪೂರ್ತಿ ಮರುಬರಹವಾಗುತ್ತದೆ, ಅದು ಮುಗಿಯುವವರೆಗೂ ಲಾಕ್ ಬಿಡುವುದಿಲ್ಲ. ಕೋಟಿಗಟ್ಟಲೆ ಸಾಲುಗಳಿದ್ದರೆ, ದಯವಿಟ್ಟು, ಎಂಟರ್ ಒತ್ತುವ ಮೊದಲೇ ಫೋನ್ ಮಾಡಿ.