ಕನ್ಸೆಂಟ್ ಇದೆಯಲ್ಲ, ಐಎಸ್‌ಒ 14001 ಬೇರೆ ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಇಪ್ಪತ್ತೆರಡು ಜನರ ಪ್ಲೇಟಿಂಗ್ ಘಟಕ, ಅಂದರೆ ಬಿಡಿಭಾಗಗಳಿಗೆ ಲೋಹದ ಲೇಪ ಕೊಡುವುದು. ನಿಕ್ಕಲ್, ಕ್ರೋಮ್, ಸ್ವಲ್ಪ ಸತು. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ ಇದೆ, ತ್ಯಾಜ್ಯನೀರು ಶುದ್ಧ ಮಾಡುವ ಇಟಿಪಿ ಓಡುತ್ತಿದೆ. ಈಗ ನಮ್ಮ ದೊಡ್ಡ ಗ್ರಾಹಕರು ಐಎಸ್‌ಒ 14001 ಮಾಡಿಸಿ ಅಂತ ಕೂತಿದ್ದಾರೆ. ಕನ್ಸೆಂಟ್ ಸಾಲದೇ? ಮಾಡಲೇಬೇಕೆಂದರೆ ಎಲ್ಲಿಂದ ಶುರು ಮಾಡುವುದು?

ಉತ್ತರ: ಕನ್ಸೆಂಟ್ ಕಾನೂನಿನ ಮಾತು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಮಂಡಳಿ ಕೊಡುವ ಅನುಮತಿ ಅದು. ಅದಿಲ್ಲದೆ ಪ್ಲೇಟಿಂಗ್ ಟ್ಯಾಂಕಿಗೆ ಕರೆಂಟ್ ಕೊಡುವ ರೆಕ್ಟಿಫೈಯರಿನ ಸ್ವಿಚ್ ಒತ್ತುವಂತಿಲ್ಲ. 14001 ಹಾಗಲ್ಲ. ಅದು ಪರಿಸರ ನಿರ್ವಹಣಾ ವ್ಯವಸ್ಥೆ ಹೇಗಿರಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನದಂಡ, ನಿಮ್ಮಂಥ ಘಟಕಕ್ಕೆ ಯಾವ ಕಾನೂನೂ ಅದನ್ನು ಕಡ್ಡಾಯ ಮಾಡಿಲ್ಲ. ಗ್ರಾಹಕರು ಕೇಳುತ್ತಾರೆ, ಅಷ್ಟೇ. ಹೊರಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿನ ವಿಷಕಾರಿ ರೂಪ) ಲೀಟರಿಗೆ 0.1 ಮಿಲಿಗ್ರಾಂ ದಾಟಕೂಡದು ಎನ್ನುವುದು ಕಾನೂನು. ಆ ಕ್ರೋಮ್ ಇಟಿಪಿವರೆಗೆ ಬಂದದ್ದೇ ಯಾಕೆ, ರಾತ್ರಿ ಪಾಳಿಯಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಪಂಪ್ ಕೈಕೊಟ್ಟರೆ ಏನು ಗತಿ ಎಂದು ಕೇಳುವುದು 14001.

ಶುರು ಎಲ್ಲಿಂದ ಅಂದಿರಿ. ಕಂಪ್ಯೂಟರ್ ಮುಂದೆ ಕೂರಬೇಡಿ, ಕ್ರೋಮ್ ಟ್ಯಾಂಕಿನ ಪಕ್ಕ ಅರ್ಧ ದಿನ ನಿಂತುಕೊಳ್ಳಿ. ಹುಡುಗ ಬಿಡಿಭಾಗಗಳನ್ನು ನೇತುಹಾಕಿದ ಜಿಗ್ ಎತ್ತುತ್ತಾನೆ, ಎತ್ತಿದ ಉಸಿರಿನಲ್ಲೇ ಪಕ್ಕದ ತೊಳೆಯುವ ಟ್ಯಾಂಕಿಗೆ ಇಳಿಸುತ್ತಾನೆ. ಎರಡರ ನಡುವಿನ ನೆಲದ ಮೇಲೆ ಹಳದಿ ಹನಿಗಳ ಸಾಲು. ಮಧ್ಯಾಹ್ನದೊಳಗೆ ತೊಳೆಯುವ ನೀರೂ ಹಳದಿ, ನಲ್ಲಿ ಮಾತ್ರ ಬೆಳಗಿನಿಂದ ಧಾರಾಳವಾಗಿ ಬಿಟ್ಟೇ ಇರುತ್ತದೆ. ಹೀಗೆ ಬಿಡಿಭಾಗಕ್ಕೆ ಅಂಟಿಕೊಂಡು ಹೋಗುವ ದ್ರಾವಣಕ್ಕೆ ಪ್ಲೇಟಿಂಗ್‌ನವರು ಡ್ರ್ಯಾಗ್‌ಔಟ್ ಅನ್ನುತ್ತಾರೆ. ನಿಮ್ಮ ಪರಿಸರ ವ್ಯವಸ್ಥೆಯ ಮುಕ್ಕಾಲು ಭಾಗ ಆ ಹನಿಯಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ನೀವು ಮತ್ತೆ ಮತ್ತೆ ದುಡ್ಡು ಕೊಡುತ್ತೀರಿ. ಮೊದಲು ಕ್ರೋಮಿಕ್ ಆಸಿಡ್ ಕೊಂಡಾಗ. ಆಮೇಲೆ ಅದನ್ನು ಮುರಿಯಲು ಇಟಿಪಿಗೆ ಆಸಿಡ್, ಬೈಸಲ್ಫೈಟ್, ಸುಣ್ಣ ಸುರಿದಾಗ. ಕೊನೆಗೆ ಕೆಸರನ್ನು ಲಾರಿಗೆ ತುಂಬಿ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಸಾಗಿಸಿದಾಗ.

ಒಂದು ಲೆಕ್ಕ ಹಾಕಿ ನೋಡಿ. ಗಂಟೆಗೆ ಒಂದು ಲೀಟರ್ ಡ್ರ್ಯಾಗ್‌ಔಟ್ ಬರುತ್ತದೆ, ಅದನ್ನು ಸಾವಿರ ಪಟ್ಟು ತೆಳುವಾಗಿಸಬೇಕು ಅಂದುಕೊಳ್ಳಿ. ಒಂದೇ ಟ್ಯಾಂಕಿನಲ್ಲಿ ತೊಳೆದರೆ ಗಂಟೆಗೆ 1000 ಲೀಟರ್ ನೀರು ಬೇಕು. ಎರಡು ಟ್ಯಾಂಕ್ ಇಟ್ಟು, ನೀರನ್ನು ಬಿಡಿಭಾಗ ಸಾಗುವ ದಿಕ್ಕಿಗೆ ಎದುರಾಗಿ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ಟ್ಯಾಂಕ್ ಆದರೆ ಹತ್ತು. ನಂಬಿಕೆ ಬರದಿದ್ದರೆ 1000ದ ವರ್ಗಮೂಲ, ಘನಮೂಲ ತೆಗೆದು ನೋಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಪರದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಗ್ಗನ್ನು ಟ್ಯಾಂಕಿನ ಮೇಲೆ ಹತ್ತು ಸೆಕೆಂಡ್ ಹಿಡಿದು ನಿಲ್ಲಿಸುವುದಕ್ಕಂತೂ ಖರ್ಚೇ ಇಲ್ಲ. ತೀರಾ ಹೊತ್ತು ಹಿಡಿದರೆ ಒಣಗಿ ಕಲೆ ಬೀಳುತ್ತದೆ, ಅಷ್ಟು ಎಚ್ಚರ ಇರಲಿ.

ಅರ್ಧ ದಿನ ನಿಂತು ಕಂಡದ್ದನ್ನು ಬರೆದಿಟ್ಟರೆ ಅದೇ ನಿಮ್ಮ ಆಸ್ಪೆಕ್ಟ್ ಪಟ್ಟಿ, ಅಂದರೆ ನಿಮ್ಮ ಕೆಲಸ ಪರಿಸರಕ್ಕೆ ಎಲ್ಲೆಲ್ಲಿ ತಟ್ಟುತ್ತದೆ ಎಂಬ ಪಟ್ಟಿ. ಎಲ್ಲ ಸರಿಯಿರುವ ದಿನದ್ದಷ್ಟೇ ಬರೆದರೆ ಸಾಲದು. ಕರೆಂಟ್ ಹೋದ ದಿನದ್ದು, ಟ್ಯಾಂಕ್ ಸೋರಿದ ದಿನದ್ದು ಕೂಡ ಬೇಕು. ನಿಮ್ಮ ಸತು ಲೈನು ಸಯನೈಡಿನದಾದರೆ ಅದರ ನೀರು ಆಸಿಡ್ ನೀರಿಗೆ ಸೇರಿದ ಗಳಿಗೆ ವಿಷಾನಿಲ ಏಳುತ್ತದೆ, ಜೀವವೇ ಹೋಗಬಹುದು. ಎರಡರ ಪೈಪು ಬೇರೆ, ಬಣ್ಣ ಬೇರೆ, ಸಂಪು ಬೇರೆ ಇರಬೇಕು. ಅದು ಮೊನ್ನೆ ಸೇರಿದ ಹುಡುಗನಿಗೂ ಗೊತ್ತಿರಬೇಕು.

ಕಾನೂನಿನ ಪಟ್ಟಿಗೆ ಗೋಡೆಯ ಕ್ಯಾಲೆಂಡರ್ ಸಾಕು. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವರದಿ, ಅಂದರೆ ಫಾರ್ಮ್ 4, ಜೂನ್ 30ರೊಳಗೆ. ಪರಿಸರ ಹೇಳಿಕೆ, ಫಾರ್ಮ್ 5, ಸೆಪ್ಟೆಂಬರ್ 30ರೊಳಗೆ. ಇಟಿಪಿ ಕೆಸರನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಕನ್ಸೆಂಟಿನಲ್ಲಿ ಮುಗಿಯುವ ತಾರೀಖು ಇದ್ದರೆ ಅದಕ್ಕೆ ಕೆಂಪು ಗುರುತು ಹಾಕಿಡಿ.

ಇನ್ನು ಫೈಲು. ಕನ್ಸಲ್ಟೆಂಟರು ದಪ್ಪನೆಯ ಮ್ಯಾನ್ಯುಯಲ್ ಹಿಡಿದು ಬರುತ್ತಾರೆ. ಬಾಯ್ಲರೇ ಇಲ್ಲದ ಒಂದು ಘಟಕದ ಫೈಲಿನಲ್ಲಿ ಬಾಯ್ಲರ್ ಬೂದಿ ವಿಲೇವಾರಿಗೆ ಎರಡು ಪುಟ ಮೀಸಲಾಗಿದ್ದುದನ್ನು ನಾನೇ ಓದಿದ್ದೇನೆ. ಎಲ್ಲಿಂದಲೋ ಎತ್ತಿ ಹೆಸರು ಬದಲಿಸಿದ್ದರು. 14001 ಮ್ಯಾನ್ಯುಯಲನ್ನು ಕೇಳುವುದೇ ಇಲ್ಲ. ಅದು ಕೇಳುವ ಬರಹಗಳು ಸ್ವಲ್ಪವೇ: ವ್ಯಾಪ್ತಿ, ನೀತಿ, ಆಸ್ಪೆಕ್ಟು, ಕಾನೂನು ಬಾಧ್ಯತೆ, ಗುರಿ, ಅಳತೆ, ಆಡಿಟ್, ಹೀಗೆ. ಗುರಿ ಎಂದರೆ ‘ಪರಿಸರ ಉಳಿಸುತ್ತೇವೆ’ ಎಂಬ ಫಲಕವಲ್ಲ. ಕ್ರೋಮ್ ಲೈನಿಗೆ ಒಂದು ನೀರಿನ ಮೀಟರ್ ಹಾಕಿಸಿ ತಿಂಗಳಿಡೀ ಓದಿ. ಬಂದ ಅಂಕಿಯನ್ನು ಡಿಸೆಂಬರಿನೊಳಗೆ ಅರ್ಧಕ್ಕೆ ಇಳಿಸುತ್ತೇವೆ ಎಂದು ಬರೆಯಿರಿ, ಹೊಣೆ ಯಾರದೆಂದೂ ಬರೆಯಿರಿ. 14001ಕ್ಕೆ 2024ರಲ್ಲಿ ಆದ ತಿದ್ದುಪಡಿ ಹವಾಮಾನ ಬದಲಾವಣೆ ನಿಮಗೆ ತಟ್ಟುತ್ತದೆಯೇ ಯೋಚಿಸಿ ಎನ್ನುತ್ತದೆ. ಕೊಳವೆಬಾವಿ ಬತ್ತುವ ಊರಿನಲ್ಲಿ ಆ ಉತ್ತರಕ್ಕೆ ಹೆಚ್ಚು ಹೊತ್ತು ಬೇಡ.

ಆಂತರಿಕ ಆಡಿಟ್‌ಗೆ ಸತು ಲೈನಿನ ಸೂಪರ್‌ವೈಸರನ್ನು ಕ್ರೋಮ್ ಲೈನಿಗೆ ಕಳಿಸಿ, ಕ್ರೋಮಿನವರನ್ನು ಸತುವಿಗೆ. ಪರಸ್ಪರರ ತಪ್ಪು ಹುಡುಕುವ ಉತ್ಸಾಹ ನಮ್ಮವರಿಗೆ ಸಹಜವಾಗಿಯೇ ಇದೆ. ಆಮೇಲೆ ಮಾಲೀಕರಾದ ನೀವು ಕೂತು ಅಂಕಿಗಳನ್ನು ನೋಡಿ ತೀರ್ಮಾನ ಬರೆಯಬೇಕು. ಮ್ಯಾನೇಜ್ಮೆಂಟ್ ರಿವ್ಯೂ ಅನ್ನುವುದು ಇದನ್ನೇ. ನಿಮ್ಮ ಗಾತ್ರದ ಘಟಕಕ್ಕೆ ಇಷ್ಟೆಲ್ಲ ರೂಢಿಗೆ ಬರಲು ಐದಾರು ತಿಂಗಳು ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ.

‘ವಾರದಲ್ಲಿ ಸರ್ಟಿಫಿಕೇಟ್’ ಎಂದು ಫೋನ್ ಮಾಡುವವರಿಗೆ ಕಿವಿಗೊಡಬೇಡಿ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಡುವುದು ಬೇರೆ ಸಂಸ್ಥೆಗಳು. ಆ ಸಂಸ್ಥೆಗೆ, ಸರ್ಟಿಫಿಕೇಟ್ ಕೊಡುವವರನ್ನು ಪರಿಶೀಲಿಸಿ ಒಪ್ಪುವ ಭಾರತದ ಮಂಡಳಿಯಾದ ಎನ್‌ಎಬಿಸಿಬಿಯ ಮಾನ್ಯತೆಯೋ ಅದಕ್ಕೆ ಸಮನಾದ ವಿದೇಶಿ ಮಾನ್ಯತೆಯೋ ಇದೆಯೇ ನೋಡಿ. ಎರಡು ಹಂತದ ಆಡಿಟ್, ಮೂರು ವರ್ಷದ ಅವಧಿ, ನಡುವೆ ವರ್ಷಕ್ಕೊಮ್ಮೆ ತಪಾಸಣೆ, ಇದು ಸರಿಯಾದ ಕ್ರಮ. ಯಾವ ಮಾನ್ಯತೆ ಒಪ್ಪುತ್ತೀರಿ ಎಂದು ಮುಂಗಡ ಕೊಡುವ ಮೊದಲೇ ಗ್ರಾಹಕರಿಂದ ಮೇಲ್‌ನಲ್ಲಿ ಬರೆಸಿಕೊಳ್ಳಿ.