ಹಳೇ ಸಾಲ, ಕಾಲಮಿತಿ ಮತ್ತು ಒಂದು ಸಹಿ

ಎಂದೋ ಕಟ್ಟದೆ ಬಿಟ್ಟ ಸಾಲಕ್ಕೆ ಈಗ ವಸೂಲಿ ಏಜೆಂಟರು ಫೋನ್ ಮಾಡುತ್ತಿದ್ದಾರೆ. ಆ ಸಾಲ ಇನ್ನೂ ಇದೆಯೇ? ಕಾನೂನು ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ‘ಇಲ್ಲ, 3 ವರ್ಷ ಕಳೆದಿದೆ’ ಎಂದು ಬರೆದು ಮುಗಿಸುವವರೇ ಹೆಚ್ಚು. ಅದು ಅರ್ಧ ಉತ್ತರ. ಸಾಲ ಇದೆ, ಅದಕ್ಕಾಗಿ ದಾವೆ ಹೂಡುವ ಗಡುವು (ಕಾಲಮಿತಿ) ಮುಗಿದು ಆ ದಾರಿ ಮಾತ್ರ ಮುಚ್ಚಿರಬಹುದು. 1963ರ ಕಾಲಮಿತಿ ಕಾಯ್ದೆಯ 27ನೇ ಕಲಂ ಹಕ್ಕೇ ಅಳಿದುಹೋಗುತ್ತದೆ ಎನ್ನುವುದು ಆಸ್ತಿ ಸ್ವಾಧೀನದ ದಾವೆಗಳ ವಿಷಯದಲ್ಲಿ, ಸಾಲಕ್ಕಲ್ಲ. ಹಾಗಾಗಿ ಅವಧಿ ಮೀರಿದ ಸಾಲವನ್ನೂ ಕೇಳುವುದು ತಪ್ಪಲ್ಲ. ಹೇಗೆ ಕೇಳುತ್ತಾರೆ ಎಂಬುದು ಬೇರೆ ಮಾತು.

ಅವಧಿಯ ಲೆಕ್ಕ

ಅಡಮಾನವಿಲ್ಲದ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷ. ಸ್ಥಿರಾಸ್ತಿ ಅಡಮಾನವಿದ್ದರೆ ಅದೇ ಕಾಯ್ದೆಯ ಅನುಸೂಚಿಯಲ್ಲಿರುವ 62ನೇ ಅನುಚ್ಛೇದದಂತೆ 12 ವರ್ಷ. ಕೇಳಿದಾಗ ಕೊಡುತ್ತೇನೆ ಎಂದು ಪಡೆದ ಕೈಸಾಲದ ಎಣಿಕೆ ಕೇಳಿದ ದಿನದಿಂದ ಅಲ್ಲ, ಕೊಟ್ಟ ದಿನದಿಂದಲೇ ಶುರು (21ನೇ ಅನುಚ್ಛೇದ). ಇಲ್ಲಿ ಬಹಳ ಜನ ಎಡವುತ್ತಾರೆ.

ಇನ್ನೊಂದು ತೊಡಕು ಕೋವಿಡ್ ಕಾಲದ್ದು. 15-3-2020ರಿಂದ 28-2-2022ರವರೆಗಿನ ದಿನಗಳನ್ನು ಎಣಿಕೆಯಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶಿಸಿತು. 10-6-2018ಕ್ಕೆ ತೀರಬೇಕಿದ್ದ ಸಾಲವೊಂದನ್ನು ತೆಗೆದುಕೊಳ್ಳಿ. ಕ್ಯಾಲೆಂಡರ್ ಪ್ರಕಾರ 2021ರ ಜೂನ್‌ಗೆ ಅವಧಿ ಮುಗಿಯಬೇಕು. ಆದರೆ 2020ರ ಮಾರ್ಚ್‌ನಲ್ಲಿ ಉಳಿದಿದ್ದ ಹದಿನೈದು ತಿಂಗಳಷ್ಟು ಕಾಲ 1-3-2022ರಿಂದ ಮತ್ತೆ ಓಡುವುದರಿಂದ, ದಾವೆಗೆ 2023ರ ಮೇ ಕೊನೆಯವರೆಗೂ ಅವಕಾಶವಿತ್ತು.

ಮುಂಚೆಯೋ, ಆಮೇಲೋ?

ವಿಷಯದ ತಿರುಳು ಇಲ್ಲಿದೆ. ಇದೇ ಸಾಲಗಾರ 2023ರ ಏಪ್ರಿಲ್‌ನಲ್ಲಿ, ಅಂದರೆ ಅವಧಿ ಮುಗಿಯುವ ಮುಂಚೆ, ‘ಸಾಲ ಇರುವುದು ನಿಜ’ ಎಂದು ಬರೆದು ಸಹಿ ಹಾಕಿದನೆನ್ನಿ. ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ ಆ ದಿನದಿಂದ ಹೊಸದಾಗಿ 3 ವರ್ಷ. ತಮಾಷೆಯೆಂದರೆ, ‘ಸಾಲ ಇದೆ, ಆದರೆ ಕೊಡುವುದಿಲ್ಲ’ ಎಂದು ಜಗಳವಾಡಿ ಬರೆದರೂ ಅದು ಒಪ್ಪಿಗೆಯೇ. ಕಲಂನ ವಿವರಣೆಯೇ ಹಾಗೆ ಹೇಳುತ್ತದೆ. ಪತ್ರ ಸಾಲ ಕೊಟ್ಟವನಿಗೇ ಬರೆದದ್ದಾಗಿರಬೇಕೆಂದೂ ಇಲ್ಲ. ಇ-ಮೇಲ್ ಕೂಡ ಸಾಕು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಅವಧಿಯೊಳಗೆ ಸ್ವಲ್ಪ ಹಣ ಕಟ್ಟಿದರೂ 19ನೇ ಕಲಂನಂತೆ ಇದೇ ಫಲ, ಆದರೆ ಪಾವತಿಗೆ ಕಟ್ಟಿದವನ ಕೈಬರಹವೋ ಸಹಿಯೋ ಇರಬೇಕು.

ಅದೇ ಪತ್ರವನ್ನು 2024ರಲ್ಲಿ ಬರೆದಿದ್ದರೆ? 18, 19 ಎರಡೂ ಕೆಲಸ ಮಾಡುವುದಿಲ್ಲ. ಮುಗಿದ ಅವಧಿಗೆ ಅವು ಜೀವ ಕೊಡಲಾರವು. ಆಗ 1872ರ ಕರಾರು ಕಾಯ್ದೆಯ 25(3) ನೋಡಬೇಕು. ಕಾಲಬಾಧಿತ (ದಾವೆಯ ಅವಧಿ ಮೀರಿದ) ಸಾಲವನ್ನು ತೀರಿಸುತ್ತೇನೆ ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರು. ಇಲ್ಲಿ ಬರಿಯ ಒಪ್ಪಿಗೆ ಸಾಲದು, ಕೊಡುತ್ತೇನೆಂಬ ಮಾತು ಬೇಕು. ಏಜೆಂಟರು ‘ಸೆಟಲ್‌ಮೆಂಟ್‌ಗೆ ಒಂದು ಸಹಿ ಅಷ್ಟೇ’ ಎಂದು ಮುಂದಿಡುವ ಕಾಗದದಲ್ಲಿ ಈ ಮಾತು ಇದೆಯೇ ಎಂದು ಓದಿಯೇ ಪೆನ್ನು ಹಿಡಿಯಬೇಕು. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಮನೆಯವರಿಗೆಲ್ಲ ಹೇಳಿಕೊಡಬೇಕಾದ ಸಂಗತಿ ಇದೊಂದೇ.

ಒಂದೇ ಬ್ಯಾಂಕಿನಲ್ಲಿ ಎರಡು ಸಾಲವಿದ್ದವರಿಗೆ ಕರಾರು ಕಾಯ್ದೆಯ 59 ಮತ್ತು 60ನೇ ಕಲಂ ಮುಖ್ಯ. ಯಾವ ಸಾಲಕ್ಕೆಂದು ಹೇಳದೆ ಹಣ ಕಟ್ಟಿದರೆ, ಬೇರೆ ಸಂದರ್ಭದಿಂದಲೂ ಅದು ತಿಳಿಯದಿದ್ದರೆ, ಬ್ಯಾಂಕು ಅದನ್ನು ಕಾಲಬಾಧಿತ ಸಾಲಕ್ಕೇ ಜಮಾ ಮಾಡಿಕೊಳ್ಳಬಹುದು. ಚಲನ್‌ನಲ್ಲಿ ಸಾಲದ ಸಂಖ್ಯೆ ಬರೆಯಿರಿ.

ಏಜೆಂಟರ ಎಲ್ಲೆ

2022ರ ಆಗಸ್ಟ್‌ನ ಆರ್‌ಬಿಐ ಸುತ್ತೋಲೆಯ ಪ್ರಕಾರ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ವಸೂಲಿಗೆ ಕರೆ ಮಾಡುವಂತಿಲ್ಲ. ಬೆದರಿಕೆ, ಮನೆಯವರನ್ನೂ ಸ್ನೇಹಿತರನ್ನೂ ಕಾಡುವುದು, ಬಹಿರಂಗ ಅವಮಾನ ಎಲ್ಲ ನಿಷಿದ್ಧ. ಏಜೆಂಟರ ತಪ್ಪಿಗೆ ಬ್ಯಾಂಕೇ ಹೊಣೆ. ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ. ಈ ದಾರಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಮಾತ್ರ. ಊರಿನ ಬಡ್ಡಿ ವ್ಯವಹಾರಕ್ಕೆ ಅನ್ವಯಿಸದು. ಏಜೆಂಟರಿಗೆ ಬರೆಯುವುದಿದ್ದರೆ ವಾಕ್ಯ ಚಿಕ್ಕದಿರಲಿ: ‘ಸಾಲದ ದಾಖಲೆ, ಬಾಕಿಯ ವಿವರ ಮತ್ತು ನಿಮ್ಮ ಅಧಿಕಾರ ಪತ್ರ ಕಳಿಸಿ. ಈ ಪತ್ರ ಯಾವ ಬಾಕಿಯ ಒಪ್ಪಿಗೆಯೂ ಅಲ್ಲ.’

ಸಮನ್ಸ್ ಬಂದರೆ

‘ಅವಧಿ ಮೀರಿದ ದಾವೆಯನ್ನು ಕೋರ್ಟೇ ವಜಾ ಮಾಡಬೇಕು’ ಎಂದು ಕಾಲಮಿತಿ ಕಾಯ್ದೆಯ 3ನೇ ಕಲಂ ಹೇಳುವುದು ನಿಜ, ಪ್ರತಿವಾದಿ ಆ ವಾದ ಎತ್ತದಿದ್ದರೂ. ಹಾಗೆಂದು ಮನೆಯಲ್ಲಿ ಕೂರುವಂತಿಲ್ಲ. ವಾದಿ ಹಳೇ ಸಹಿಯೊಂದನ್ನು ತೋರಿಸಿದರೆ ಅದನ್ನು ಪ್ರಶ್ನಿಸಲು ಯಾರೂ ಇರುವುದಿಲ್ಲ, ಏಕಪಕ್ಷೀಯ ಡಿಕ್ರಿ (ನಿಮ್ಮ ವಾದ ಕೇಳದೆಯೇ ಕೊಡುವ ತೀರ್ಪು) ಆಗುತ್ತದೆ. ಡಿಕ್ರಿಯ ಅಮಲ್ಜಾರಿಗೆ 12 ವರ್ಷ ಕಾಲಾವಕಾಶ. ಸಮನ್ಸ್ ಜಾರಿಯಾದ 30 ದಿನದಲ್ಲಿ ಪ್ರತಿವಾದ ಪತ್ರ ಸಲ್ಲಿಸಬೇಕು. ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವಿದೆ.

ಲೋಕ ಅದಾಲತ್ ನೋಟಿಸ್ ಬಂದರೂ ಹೋಗಿ ಬನ್ನಿ, ರಾಜಿಗೆ ಒಪ್ಪಲೇಬೇಕೆಂದಿಲ್ಲ. ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ.