ಓಡಿಸಬೇಕೋ, ಹಾಗೇ ಇಡಬೇಕೋ: ಮ್ಯೂಸಿಯಂ ಯಂತ್ರಗಳ ಹಳೆಯ ತಕರಾರು

ಸ್ಟೀಫನ್ಸನ್ನರ 'ರಾಕೆಟ್' ಉಗಿಬಂಡಿಯನ್ನು ಪುಸ್ತಕದ ಚಿತ್ರಗಳಲ್ಲಿ ನೋಡಿಕೊಂಡು ಬಂದವರು ಅಸಲಿ ಬಂಡಿಯ ಮುಂದೆ ನಿಂತಾಗ ತಬ್ಬಿಬ್ಬಾಗುತ್ತಾರೆ. ಚಿತ್ರದಲ್ಲಿದ್ದದ್ದು ಹಳದಿ ಬಣ್ಣ, ಬಿಳಿ ಚಿಮಣಿ, ಓರೆಯಾಗಿ ಮೇಲೆದ್ದ ಸಿಲಿಂಡರುಗಳು. ಎದುರಿಗಿರುವುದು ಅರ್ಧ ಬಿಚ್ಚಿಟ್ಟಂತೆ ಕಾಣುವ ಕಪ್ಪು ಕಬ್ಬಿಣ, ಅದರ ಸಿಲಿಂಡರುಗಳೋ ಬಹುಮಟ್ಟಿಗೆ ಅಡ್ಡ ಮಲಗಿವೆ. ಆದರೂ 1829ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ ನಡೆದ ಉಗಿಬಂಡಿಗಳ ಸ್ಪರ್ಧೆಯಲ್ಲಿ 500 ಪೌಂಡ್ ಬಹುಮಾನ ಗೆದ್ದದ್ದು ಇದೇ ಬಂಡಿ. ಗೆದ್ದ ಮೇಲೆ ಅದು ದುಡಿಮೆಗೆ ಇಳಿಯಿತು. ದುಡಿಯುವ ಯಂತ್ರವನ್ನು ಯಾರು ತಾನೇ ಇದ್ದ ಹಾಗೆ ಬಿಡುತ್ತಾರೆ? ಓಟ ಸ್ಥಿರವಾಗಲೆಂದು ಕೆಲವೇ ವರ್ಷಗಳಲ್ಲಿ ಸಿಲಿಂಡರುಗಳನ್ನು ಕೆಳಗಿಳಿಸಿದರು, ಮುಂದೆ ಹೊಗೆಪೆಟ್ಟಿಗೆ ಕೂಡಿಸಿದರು. 1862ರಲ್ಲಿ ಲಂಡನ್ನಿನ ಪೇಟೆಂಟ್ ಕಚೇರಿಯ ಮ್ಯೂಸಿಯಮ್ಮಿಗೆ ಬರುವ ಹೊತ್ತಿಗೆ ಅದು ಹಣ್ಣಾಗಿತ್ತು.

ಅದನ್ನು ಮತ್ತೆ ಹಳದಿ ಬಳಿದು ರೇನ್‌ಹಿಲ್‌ನ ದಿನಕ್ಕೆ ಒಯ್ಯಬೇಕೋ, ದುಡಿದು ದಣಿದ ಮೈಯನ್ನು ಹಾಗೇ ಉಳಿಸಬೇಕೋ? ತಂತ್ರಜ್ಞಾನದ ಮ್ಯೂಸಿಯಮ್ಮುಗಳ ಒಳಗಿನ ದೊಡ್ಡ ತಕರಾರು ಇದು. ಇದರ ಬೇರು ಆ ಸಂಸ್ಥೆಗಳ ಹುಟ್ಟಿನಲ್ಲೇ ಇದೆ.

1794ರಲ್ಲಿ, ಕ್ರಾಂತಿಯ ಕಾಲದ ಪ್ಯಾರಿಸ್ಸಿನಲ್ಲಿ ಪಾದ್ರಿ ಅಬ್ಬೆ ಗ್ರೆಗ್ವಾರ್ ಮುಂದಾಗಿ ಕಟ್ಟಿಸಿದ 'ಕಲೆ ಮತ್ತು ಕಸುಬುಗಳ ಕನ್ಸರ್ವಟ್ವಾರ್' ಎಂಬ ಸಂಸ್ಥೆ ಹಳೆಯದನ್ನು ಪೂಜಿಸಲು ಹುಟ್ಟಿದ್ದಲ್ಲ. ಯಂತ್ರಗಳನ್ನು ಕುಶಲಕರ್ಮಿಗಳ ಮುಂದೆ ಇಟ್ಟು, ಹೇಗೆ ನಡೆಯುತ್ತವೆಂದು ತೋರಿಸಿ ಕಲಿಸುವುದು ಅದರ ಉದ್ದೇಶ. ಅಲ್ಲಿ ಯಂತ್ರವೆಂದರೆ ಪಾಠದ ಸಾಮಗ್ರಿ. ಆದರೆ ಲಂಡನ್ನಿನ ಪೇಟೆಂಟ್ ಕಚೇರಿಯ ಮ್ಯೂಸಿಯಮ್ಮನ್ನು ಕಟ್ಟಿದ ಬೆನೆಟ್ ವುಡ್‌ಕ್ರಾಫ್ಟ್ ಮೊದಲ ಯಂತ್ರಗಳನ್ನು ಅವು ಮೊದಲನೆಯವು ಎಂಬ ಕಾರಣಕ್ಕೇ ಹುಡುಕಿ ತಂದರು. ಈಗ ಉಳಿದಿರುವ ರೈಲು ಎಂಜಿನ್ನುಗಳಲ್ಲೆಲ್ಲ ಹಿರಿಯದಾದ 'ಪಫಿಂಗ್ ಬಿಲ್ಲಿ' ಗುಜರಿಗೆ ಹೋಗದೆ ಉಳಿದದ್ದು ಅವರ ಹಟದಿಂದ. ಒಂದು ಕಡೆ ಪಾಠ, ಇನ್ನೊಂದು ಕಡೆ ಪಳೆಯುಳಿಕೆ. ಎರಡೂ ಬೇರೆ ಬೇರೆ ಬಗೆಯ ಆರೈಕೆ ಬೇಡುತ್ತವೆಂದು ಆಗ ಯಾರಿಗೂ ಹೊಳೆದಂತಿಲ್ಲ.

ಓಸ್ಕರ್ ಫೋನ್ ಮಿಲ್ಲರ್ 1903ರಲ್ಲಿ ಸ್ಥಾಪಿಸಿದ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ 1925ರಲ್ಲಿ ಈಗಿನ ಕಟ್ಟಡದಲ್ಲಿ ಬಾಗಿಲು ತೆರೆದಾಗ ಪಾಠದ ಪಕ್ಷ ಗೆದ್ದಂತಾಯಿತು. ಗುಂಡಿ ಒತ್ತಿದರೆ ಚಕ್ರ ತಿರುಗಬೇಕು, ಹಿಡಿ ಎಳೆದರೆ ಪಿಸ್ಟನ್ ಏಳಬೇಕು. ಜಗತ್ತಿನ ಬೇರೆ ಮ್ಯೂಸಿಯಮ್ಮುಗಳೂ ಆ ದಾರಿ ಹಿಡಿದವು. ಒಳಗನ್ನು ತೋರಿಸುವ ಉತ್ಸಾಹದಲ್ಲಿ ಎಷ್ಟೋ ಕಡೆ ಅಸಲಿ ಎಂಜಿನ್ನುಗಳ ಹೊಟ್ಟೆಯನ್ನೇ ಸೀಳಿ, ಕೆಂಪು ಬಣ್ಣ ಹಚ್ಚಿ ನಿಲ್ಲಿಸಿದರು.

ಹಾಗೆ ಸೀಳಿದಾಗ, ತಿಕ್ಕಿದಾಗ ಕಳೆದುಹೋಗುವುದೇನು? ಹಳೆಯ ಬಣ್ಣದ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಪದರದ ಮೇಲೆ ಪದರ ಕಾಣುತ್ತದೆ. ಮಾಲೀಕರು ಬದಲಾದದ್ದು, ದುರಸ್ತಿಗೆ ಹೋದದ್ದು, ಮಸಿಯಲ್ಲಿ ಓಡಿದ್ದು ಎಲ್ಲವೂ ಅಲ್ಲಿದೆ. ಬೋಲ್ಟಿನ ತಲೆಯ ಮೇಲೆ ಅರದ ಗೆರೆಗಳಿರುತ್ತವೆ. ಬೇರಿಂಗ್ ಒಂದೇ ಮಗ್ಗುಲಿಗೆ ಸವೆದಿದ್ದರೆ ಭಾರ ಎತ್ತ ವಾಲುತ್ತಿತ್ತೆಂದು ಅದು ಹೇಳುತ್ತದೆ. ಯಾವ ದಾಖಲೆಯಲ್ಲೂ ಸಿಗದ ಮೇಸ್ತ್ರಿಯ ತೀರ್ಮಾನ ಆ ಸವೆತದಲ್ಲಿ ಉಳಿದಿದೆ. ಹೊಳಪು ಕೊಟ್ಟ ಹಿತ್ತಾಳೆ ಕಣ್ಣಿಗೆ ಚಂದ, ನಿಜ. ಆದರೆ ಆ ಹೊಳಪಿಗಾಗಿ ಒಂದು ಕಡತವನ್ನೇ ಸುಟ್ಟಿರುತ್ತೇವೆ ಎಂಬುದು ನನಗೆ ಪ್ರತಿಸಲವೂ ನೋವು ಕೊಡುವ ಸಂಗತಿ.

ಇಷ್ಟು ಹೇಳಿದ ಮೇಲೂ 1981ರ ಸೆಪ್ಟೆಂಬರ್ 15ನ್ನು ಪಕ್ಕಕ್ಕಿಡಲಾರೆ. ಅಂದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ತನ್ನ 'ಜಾನ್ ಬುಲ್' ಎಂಜಿನ್ನಿಗೆ 150 ತುಂಬಿತೆಂದು ಅದಕ್ಕೆ ಬೆಂಕಿ ಹಾಕಿ ವಾಷಿಂಗ್ಟನ್ನಿನಲ್ಲಿ ಹಳಿಯ ಮೇಲೆ ಓಡಿಸಿತು. ಅದಕ್ಕೆ ಮೊದಲು ಬಾಯ್ಲರನ್ನು ಕೂಲಂಕಷವಾಗಿ ಪರೀಕ್ಷಿಸಿದ್ದರು. ಉಗಿಯ ಉಸಿರು, ಎಣ್ಣೆಯ ವಾಸನೆ, ಕಾಲಡಿಯ ನಡುಕ ಗಾಜಿನ ಪೆಟ್ಟಿಗೆಯಲ್ಲಿ ಸಿಗುವಂಥವಲ್ಲ. ಎಂಜಿನ್ ನಡೆಸುವ ಕೈಚಳಕವೂ ಒಂದು ಪರಂಪರೆಯೇ, ನಡೆಸದಿದ್ದರೆ ಅದು ಸಾಯುತ್ತದೆ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಅದೃಷ್ಟ ಯಾವಾಗಲೂ ಜೊತೆಗಿರುವುದಿಲ್ಲ. ಭೂಮಿ ತಿರುಗುತ್ತದೆಂದು ತೋರಿಸಿದ ಫೂಕೋನ ಲೋಲಕದ ಐತಿಹಾಸಿಕ ಗುಂಡು ಪ್ಯಾರಿಸ್ಸಿನ ಅದೇ ಹಳೆಯ ಕನ್ಸರ್ವಟ್ವಾರ್‌ನ ಮ್ಯೂಸಿಯಮ್ಮಿನಲ್ಲಿ ತೂಗಾಡುತ್ತಿತ್ತು. 2010ರ ಏಪ್ರಿಲಿನಲ್ಲಿ ತಂತಿ ಕಡಿದು ಗುಂಡು ಅಮೃತಶಿಲೆಯ ನೆಲಕ್ಕೆ ಅಪ್ಪಳಿಸಿತು. ಸರಿಪಡಿಸಲು ಬಾರದಷ್ಟು ಜಜ್ಜಿಹೋಯಿತು. ಭೂಮಿಯ ತಿರುಗಾಟ ತೋರಿಸಲು ಯಾವ ಗುಂಡಾದರೂ ಸಾಕಿತ್ತು.

ಇಲ್ಲೇ ಪ್ರತಿಕೃತಿಯ ಮಾತು ಬರುತ್ತದೆ. ಪ್ರತಿಕೃತಿಯೆಂದರೆ ಮೂಗು ಮುರಿಯುವವರಿದ್ದಾರೆ. ಅಂಥವರು ಚಾರ್ಲ್ಸ್ ಬ್ಯಾಬೇಜ್‌ನ ಎರಡನೇ 'ಡಿಫರೆನ್ಸ್ ಎಂಜಿನ್' ಎಂಬ ಲೆಕ್ಕ ಮಾಡುವ ಯಂತ್ರವನ್ನು ನೆನೆಯಬೇಕು. ಆತ ಅದರ ನಕ್ಷೆಯನ್ನಷ್ಟೇ ಬಿಟ್ಟುಹೋಗಿದ್ದ. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಆತನ ಕಾಲದಲ್ಲಿ ಸಾಧ್ಯವಿದ್ದ ನಿಖರತೆಯ ಮಿತಿಯೊಳಗೇ ಬಿಡಿಭಾಗ ಮಾಡಿಸಿ, 1991ರಲ್ಲಿ, ಆತ ಹುಟ್ಟಿ 200 ವರ್ಷವಾದಾಗ ಅದನ್ನು ಜೋಡಿಸಿತು. ಅದು ಲೆಕ್ಕ ಮಾಡಿತು, ಸರಿಯಾಗಿಯೇ ಮಾಡಿತು. ನಕ್ಷೆ ಸುಳ್ಳಾಗಿರಲಿಲ್ಲ ಎಂದು ಕಟ್ಟಿದ ಮೇಲೆಯೇ ಗೊತ್ತಾದದ್ದು. ರಾಕೆಟ್‌ಗೂ 1979ರಲ್ಲಿ ಓಡುವ ಪ್ರತಿಕೃತಿ ಬಂತು. ಹಳದಿ ಬಣ್ಣ ಅದರ ಪಾಲಿಗೆ, ಸವೆತ ಅಸಲಿಯ ಪಾಲಿಗೆ. ನನಗೆ ಸರಿಯೆನಿಸುವ ಹಂಚಿಕೆ ಇದು.

ಹಾಗೆಂದು ಅಸಲಿಯನ್ನು ಮುಟ್ಟದೇ ಇರಲೂ ಆಗುವುದಿಲ್ಲ. ಬಟ್ಟೆ ಜೀರ್ಣವಾಗುತ್ತದೆ, ರಬ್ಬರು ಬಿರಿಯುತ್ತದೆ, ಪ್ಲಾಸ್ಟಿಕ್ ಪುಡಿಯಾಗುತ್ತದೆ. ರೈಟ್ ಸಹೋದರರ 1903ರ ವಿಮಾನ 1913ರ ಡೇಟನ್ ಪ್ರವಾಹದಲ್ಲಿ ಪೆಟ್ಟಿಗೆಗಳೊಳಗೇ ಕೆಸರು ನೀರು ಕುಡಿಯಿತು. 1927ರಲ್ಲಿ ಆರ್ವಿಲ್ ರೈಟ್ ಅದರ ರೆಕ್ಕೆಗಳಿಗೆ ಹೊಸ ಬಟ್ಟೆ ಹೊದಿಸಿದರು, 1985ರಲ್ಲಿ ಸ್ಮಿತ್ಸೋನಿಯನ್ ಮತ್ತೊಮ್ಮೆ ಬದಲಿಸಿತು. ಈಗ ನಾವು ನೋಡುವ ಬಟ್ಟೆ, ವಿಮಾನ ಮೊದಲು ಹಾರಿದ ಕಿಟಿ ಹಾಕ್‌ನ ಗಾಳಿಯನ್ನು ಕಂಡದ್ದಲ್ಲ. ಕಂಡ ಬಟ್ಟೆಯನ್ನು ಆರ್ವಿಲ್ ಎಸೆಯದೆ ಇಟ್ಟುಕೊಂಡಿದ್ದರು. 1969ರಲ್ಲಿ ಅದರದೊಂದು ತುಂಡು ನೀಲ್ ಆರ್ಮ್‌ಸ್ಟ್ರಾಂಗ್ ಜೊತೆ ಚಂದ್ರನ ಮೇಲಿಳಿದು ವಾಪಸು ಬಂತು.